ಮೊದಲು ಓಡಲಿ, ಬಣ್ಣ ಆಮೇಲೆ

ಮಾನ್ಯ ಸಂಪಾದಕರೇ,

ಹಳೇ ಬೈಕುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ಬಿಡದೆ ಓದುತ್ತೇನೆ. ಓದಿ ಖುಷಿಯೂ ಆಗುತ್ತದೆ. ಆದರೆ ಹೆಚ್ಚಿನವುಗಳಲ್ಲಿ ಎರಡೇ ಫೋಟೋ ಇರುತ್ತವೆ. ಒಂದರಲ್ಲಿ ತುಕ್ಕು ಹಿಡಿದು ಗೋಡೆಗೆ ಒರಗಿರುವ ಬೈಕು, ಇನ್ನೊಂದರಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿರುವ ಅದೇ ಬೈಕು. ನಡುವೆ ಏನಾಯಿತು ಅನ್ನುವುದಕ್ಕೆ ಸಿಗುವುದು ಒಂದೇ ಸಾಲು: ಪೂರ್ತಿ ಬಿಚ್ಚಿ, ಬಣ್ಣ ಹೊಡೆದು, ಮತ್ತೆ ಜೋಡಿಸಲಾಯಿತು. ನನ್ನ ತಕರಾರು ಇರುವುದು ಆ ಒಂದು ಸಾಲಿನ ಮೇಲೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಹೊಸದಾಗಿ ಕೈ ಹಾಕುವವರು ಆ ಸಾಲನ್ನು ಹಾಗೇ ನಂಬಿಬಿಡುತ್ತಾರೆ. ಬೈಕು ಮನೆಗೆ ಬಂದ ಮೊದಲ ರಜೆಯಲ್ಲೇ ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಸಂಜೆ ಹೊತ್ತಿಗೆ ಟ್ಯಾಂಕು ಒಂದು ಕಡೆ, ಎಂಜಿನ್ ಇನ್ನೊಂದು ಕಡೆ, ಫ್ರೇಮು ಬರಿದಾಗಿ ನಿಂತಿರುತ್ತದೆ, ನಟ್ಟು ಬೋಲ್ಟುಗಳೆಲ್ಲ ಡಬ್ಬಿ ಸೇರಿರುತ್ತವೆ. ಬಿಚ್ಚುವ ಕೆಲಸ ಬೇಗ ಸಾಗುತ್ತದೆ, ಹಾಗಾಗಿ ಏನೋ ದೊಡ್ಡದು ಮುಗಿಸಿದಂತೆ ಅನ್ನಿಸುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಒಂದು ಬೇರಿಂಗ್ ಸಿಗಲಿಲ್ಲ, ಬಣ್ಣದವರು ತಡ ಮಾಡಿದರು, ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು, ಹೀಗೆ ಏನೋ ಒಂದು. ಮತ್ತೆ ಡಬ್ಬಿ ತೆಗೆದಾಗ ಯಾವ ವಾಷರ್ ಎಲ್ಲಿಯದು ಅನ್ನುವುದೇ ನೆನಪಿರುವುದಿಲ್ಲ. ಮಾರಾಟಕ್ಕಿರುವ ಹಳೇ ಬೈಕುಗಳಲ್ಲಿ 'ಪೂರ್ತಿ ಬಿಚ್ಚಿದೆ, ಎಲ್ಲಾ ಪಾರ್ಟ್ ಇದೆ' ಅಂತ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಅವು ಮಳೆ ಗಾಳಿಗೆ ಸತ್ತ ಬೈಕುಗಳಲ್ಲ. ಪ್ರೀತಿ ಇದ್ದವರೇ ಬಿಚ್ಚಿಟ್ಟು, ಮುಗಿಸಲಾಗದೆ ಬಿಟ್ಟವು. ಎಲ್ಲಾ ಪಾರ್ಟ್ ಇರುವುದು ಕೂಡ ಅಪರೂಪವೇ.

ಆದ್ದರಿಂದ ಹೊಸಬರಿಗೆ ನನ್ನ ಒಂದೇ ಮಾತು. ಬೈಕನ್ನು ಬಿಚ್ಚಬೇಡಿ, ಮೊದಲು ಅದನ್ನು ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಮೇಲೆ ಓಡಿಸಿ. ಓಡಿದ ಬೈಕು ತನಗೆ ಏನಾಗಿದೆ ಅಂತ ತಾನೇ ಹೇಳುತ್ತದೆ. ಬಿಚ್ಚಿಟ್ಟ ಬೈಕು ಏನೂ ಹೇಳುವುದಿಲ್ಲ, ಅಲ್ವಾ? ಗೇರ್‌ಬಾಕ್ಸ್ ಚೆನ್ನಾಗಿದೆಯೋ ಇಲ್ಲವೋ, ಎರಡನೇ ಗೇರು ತಾನಾಗಿ ಹಾರುತ್ತದೆಯೋ, ಕ್ಲಚ್ ಜಾರುತ್ತದೆಯೋ, ಫೋರ್ಕ್ ಬಾಗಿದೆಯೋ, ಇದೆಲ್ಲ ನಾಲ್ಕು ಹೆಜ್ಜೆ ಓಡಿಸಿದರೆ ಗೊತ್ತಾಗುವ ವಿಷಯ. ಇದು ತಿಳಿಯದೆ ಬಿಚ್ಚಿದರೆ ಎಲ್ಲವನ್ನೂ ಅನುಮಾನದಿಂದ ನೋಡಬೇಕಾಗುತ್ತದೆ, ಸರಿ ಇರುವುದನ್ನೂ ಬದಲಾಯಿಸಬೇಕಾಗುತ್ತದೆ.

ಎಲ್ಲಿಂದ ಶುರು ಮಾಡಲಿ ಸಾರ್ ಅಂತ ಹುಡುಗರು ಕೇಳುತ್ತಾರೆ. ಮ್ಯಾನುಯಲ್‌ನಿಂದ ಶುರು ಮಾಡಿ ಅನ್ನುತ್ತೇನೆ. ಆ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಮತ್ತು ಪಾರ್ಟ್ಸ್ ಕ್ಯಾಟಲಾಗ್ ಎರಡೂ ಬೇಕು. ಎರಡನೆಯದು ಇನ್ನೂ ಮುಖ್ಯ, ಯಾಕೆಂದರೆ ಪ್ರತಿ ಭಾಗವನ್ನೂ ಬಿಡಿಬಿಡಿಯಾಗಿ ಸಾಲಾಗಿ ಬಿಡಿಸಿದ ಚಿತ್ರ ಅದರಲ್ಲಿ ಇರುತ್ತದೆ, ಯಾವ ವಾಷರ್ ಯಾವುದರ ಹಿಂದೆ ಅಂತ ಅದನ್ನು ನೋಡಿಯೇ ತಿಳಿಯಬೇಕು. ಆಮೇಲೆ ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಬರೆದುಕೊಂಡು ದಾಖಲೆಗೆ ಹೊಂದುತ್ತದೆಯೇ ನೋಡಿ. ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ. ವೈರು, ಕೇಬಲ್ಲು ಎಲ್ಲಿಂದ ಎಲ್ಲಿಗೆ ಹೋಗಿವೆ, ಯಾವುದರ ಮೇಲೆ, ಯಾವುದರ ಕೆಳಗೆ, ಅದೂ ಫೋಟೋದಲ್ಲಿ ಬರಲಿ.

ಈಗ ಎಂಜಿನ್. ವರ್ಷಗಟ್ಟಲೆ ನಿಂತ ಬೈಕಿಗೆ ಬಂದವರೆಲ್ಲ ಮಾಡುವ ಮೊದಲ ಕೆಲಸ ಕಿಕ್ ಹೊಡೆಯುವುದು. ಅದನ್ನು ಮಾಡಲೇಬೇಡಿ. ಒಳಗೆ ಪಿಸ್ಟನ್ ರಿಂಗು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ತುಕ್ಕಿನಿಂದ ಅಂಟಿಕೊಂಡಿರಬಹುದು. ಜೋರಾಗಿ ಒದ್ದರೆ ರಿಂಗು ಮುರಿಯುತ್ತದೆ, ಇಲ್ಲವೇ ಕಿಕ್ಕರಿನ ಹಲ್ಲು ಹೋಗುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಸುಮ್ನೆ ಬಿಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಗೆ ಅಸಿಟೋನ್ ಬೆರೆಸಿ ಬಿಡುವವರು ಬಹಳ ಜನ ಇದ್ದಾರೆ, ಡೀಸೆಲ್ ಹಾಕುವವರೂ ಇದ್ದಾರೆ. ಏನೇ ಹಾಕಿದರೂ ಅದಕ್ಕೆ ಸಮಯ ಕೊಡಬೇಕು. ದಿನಗಟ್ಟಲೆ ಬೇಕಾಗಬಹುದು. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಒಂದು ಕೂದಲಿನಷ್ಟು ಅಲ್ಲಾಡಿದರೂ ಸಾಕು, ಬಿಡುತ್ತದೆ ಅಂತ ಅರ್ಥ.

ತಿರುಗಿದ ಮೇಲೆ ಎಂಜಿನ್ನಿಗೆ ಬೇಕಾಗುವುದು ಮೂರೇ: ಕಂಪ್ರೆಶನ್ (ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುವುದು), ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಪ್ರಮಾಣದಲ್ಲಿ ಪೆಟ್ರೋಲು ಮತ್ತು ಗಾಳಿ. ಹೊಸಬರು ಇಲ್ಲಿ ಗಾಬರಿಯಾಗುವ ಅಗತ್ಯ ಇಲ್ಲ. ಹಳೇ ಬೈಕಿನ ದೊಡ್ಡ ಉಪಕಾರ ಏನೆಂದರೆ ಈ ಮೂರನ್ನೂ ಕಣ್ಣಲ್ಲಿ ನೋಡಬಹುದು, ಕೈಯಲ್ಲಿ ಮುಟ್ಟಬಹುದು.

ಕಿಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲೆಕ್ಟ್ರಾನಿಕ್ ಇಗ್ನಿಷನ್ ಬರುವ ಮುಂಚಿನ ಬೈಕುಗಳಲ್ಲಿ ಪಾಯಿಂಟ್ ಇರುತ್ತದೆ. ಎರಡು ಪುಟ್ಟ ಲೋಹದ ತುದಿಗಳು, ಒಂದು ಸ್ಪ್ರಿಂಗು, ಅದನ್ನು ತೆರೆದು ಮುಚ್ಚುವ ಒಂದು ಕ್ಯಾಮ್. ತುದಿಗಳು ಬೇರೆಯಾದ ಆ ಕ್ಷಣದಲ್ಲೇ ಕಾಯಿಲ್‌ನಲ್ಲಿ ಹೈ ವೋಲ್ಟೇಜ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಿಂತ ಬೈಕಿನಲ್ಲಿ ಆ ತುದಿಗಳ ಮೇಲೆ ಬೂದು ಬಣ್ಣದ ತೆಳು ಪದರ ಕೂತಿರುತ್ತದೆ, ನೋಡಿದರೆ ಮೊದಲಿಗೆ ಕಾಣುವುದೂ ಇಲ್ಲ. ತುದಿಗಳ ನಡುವೆ ಒಂದು ಬಿಳಿ ಕಾಗದದ ತುಂಡು ಸೇರಿಸಿ, ಅವು ಮುಚ್ಚಿರುವಾಗ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ತುಂಬಾ ನಯವಾದ ಉಪ್ಪುಕಾಗದದಿಂದ ಒಮ್ಮೆ ಉಜ್ಜಿ, ಕಾಗದಕ್ಕೆ ಸ್ವಲ್ಪ ಸ್ಪಿರಿಟ್ ತಾಗಿಸಿ ಮತ್ತೆ ಎಳೆಯಿರಿ, ಗೆರೆ ಬೀಳದೆ ಬಿಳಿಯಾಗಿಯೇ ಹೊರಬರುವ ತನಕ. ಆಮೇಲೆ ಫೀಲರ್ ಗೇಜಿನಿಂದ, ಅಂದರೆ ಅಳತೆಯ ತೆಳು ಲೋಹದ ಪಟ್ಟಿಯಿಂದ, ಗ್ಯಾಪ್ ನೋಡಬೇಕು. ಹಲವು ಹಳೇ ಬೈಕುಗಳಲ್ಲಿ ಅದು 0.35ರಿಂದ 0.4 ಮಿಲಿಮೀಟರ್ ಆಸುಪಾಸು ಇರುತ್ತದೆ, ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ತಾನೇ ಕಿಡಿಗೆ ಕರೆಂಟು ಹುಟ್ಟಿಸುವ ಭಾಗ) ಇರುವ ಬ್ರಿಟಿಷ್ ಬೈಕುಗಳಲ್ಲಿ 0.3ರ ಹತ್ತಿರ. ನಿಮ್ಮ ಬೈಕಿನ ಲೆಕ್ಕ ಮ್ಯಾನುಯಲ್‌ನಲ್ಲಿ ಇರುತ್ತದೆ, ಅದನ್ನೇ ನಂಬಿ. ಗೇಜಿನ ಪಟ್ಟಿ ಒಳಗೆ ಹೋಗುವಾಗ ಎರಡೂ ಕಡೆ ಲಘುವಾಗಿ ಸವರಿದಂತೆ ಕೈಗೆ ಗೊತ್ತಾಗಬೇಕು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಆ ಸ್ಪರ್ಶ ಒಮ್ಮೆ ಕೈಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಪಾಯಿಂಟ್ ತೆರೆಯುವಾಗ ಅಲ್ಲೇ ದೊಡ್ಡ ನೀಲಿ ಕಿಡಿ ಚಟಚಟ ಅಂತ ಹಾರಿದರೆ ಕಂಡೆನ್ಸರ್ ಮೇಲೆ, ಅಂದರೆ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಪುಟ್ಟ ಭಾಗದ ಮೇಲೆ, ಅನುಮಾನ ಪಡಬೇಕು. ಕಂಡೆನ್ಸರ್ ಬಳಸದೆ ಇಟ್ಟರೂ ವಯಸ್ಸಾಗಿ ಹಾಳಾಗುತ್ತದೆ. ಡಬ್ಬದಿಂದ ತೆಗೆದ ಹಳೇ ಸ್ಟಾಕ್ ಕಂಡೆನ್ಸರನ್ನು ಹೊಸದು ಅಂತ ನಂಬಬೇಡಿ. ಕಿಡಿ ನೋಡುವಾಗ ಪ್ಲಗ್ಗನ್ನು ಎಂಜಿನ್ ಲೋಹಕ್ಕೆ ತಾಗಿಸಿಡಿ, ಆದರೆ ಪ್ಲಗ್ ತೂತಿನಿಂದ ದೂರ ಇರಲಿ. ಆ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ. ಬ್ಯಾಟರಿ ಜೋಡಿಸುವ ಮುಂಚೆ ಇನ್ನೊಂದು ವಿಷಯ. 1950, 60ರ ದಶಕದ ಬಹಳಷ್ಟು ಬ್ರಿಟಿಷ್ ಬೈಕುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಫ್ರೇಮಿಗೆ ಹೋಗುತ್ತದೆ. ಈಗಿನ ಅಭ್ಯಾಸದಲ್ಲಿ ನೆಗೆಟಿವನ್ನು ಫ್ರೇಮಿಗೆ ಕೊಟ್ಟರೆ ಬ್ಯಾಟರಿ ಚಾರ್ಜ್ ಆಗಲು ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ರೆಕ್ಟಿಫೈಯರ್ ಸುಟ್ಟುಹೋಗುತ್ತದೆ. ವೋಲ್ಟೇಜ್ 6 ಇದೆಯೋ 12 ಇದೆಯೋ ಅದನ್ನೂ ನೋಡಿಕೊಳ್ಳಿ.

ಇನ್ನು ಪೆಟ್ರೋಲು ಗಾಳಿ ಬೆರೆಸುವ ಕಾರ್ಬೊರೇಟರ್. ಹಳೇ ಪೆಟ್ರೋಲು ಗಾಳಿಗೆ ಕೆಟ್ಟು ಗೋಂದಿನಂತೆ ಆಗುತ್ತದೆ. ಕೆಳಗಿನ ಬಟ್ಟಲು ಬಿಚ್ಚಿದಾಗ ಬರುವ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು, ವಾರ್ನಿಷ್ ಮತ್ತು ಹುಳಿ ಎರಡೂ ಸೇರಿದಂತೆ ಇರುತ್ತದೆ. ತಳದಲ್ಲಿ ಕಂದು ಪದರ, ಅಂಚಿನಲ್ಲಿ ಹಸಿರು ಅಥವಾ ಬಿಳಿ ಪುಡಿ. ಇದರಲ್ಲಿ ಹೊಸಬರನ್ನು ಜಾಸ್ತಿ ಸತಾಯಿಸುವುದು ಪೈಲಟ್ ಜೆಟ್, ಅಂದರೆ ಎಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲು ಬಿಡುವ ತೂತಿನ ಪುಟ್ಟ ತಿರುಪು. ಅದರ ತೂತು ಅರ್ಧ ಮಿಲಿಮೀಟರಿಗೂ ಕಡಿಮೆ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ದುಂಡನೆಯ ಬೆಳಕು ಕಾಣಬೇಕು. ಕಾಣದಿದ್ದರೆ ಕಟ್ಟಿದೆ. ಅರ್ಧಚಂದ್ರದ ಹಾಗೆ ಕಂಡರೂ ಕಟ್ಟಿದೆ ಅಂತಲೇ ಲೆಕ್ಕ. ತಂತಿ ಚುಚ್ಚಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ಜೆಟ್ಟು ಹಿತ್ತಾಳೆಯದು, ಮೆತ್ತಗಿರುತ್ತದೆ. ಉಕ್ಕಿನ ತಂತಿ ಒಂದು ಸಲ ಉಜ್ಜಿದರೂ ತೂತು ದೊಡ್ಡದಾಗುತ್ತದೆ, ಆಮೇಲೆ ಅಳತೆಯೇ ಬದಲಾಗಿರುತ್ತದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಹಾಕಿ, ಗಾಳಿ ಹೊಡೆಯಿರಿ, ಬಿಡದಿದ್ದರೆ ನೈಲಾನ್ ದಾರದ ಎಳೆ ತೂರಿಸಿ. ಬಾಡಿಯ ಒಳಗಿನ ದಾರಿಗಳಿಗೂ ಒಂದು ತುದಿಯಿಂದ ಗಾಳಿ ಕೊಟ್ಟು ಇನ್ನೊಂದು ತುದಿಯಲ್ಲಿ ಬೆರಳಿಟ್ಟು ನೋಡಬೇಕು. ಎಂಜಿನ್ ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ ಅಂದರೆ ಹತ್ತರಲ್ಲಿ ಒಂಬತ್ತು ಸಲ ಈ ಪುಟ್ಟ ತೂತೇ ಕಾರಣ.

ಕೆಲವು ತೀರಾ ಹಳೇ ಬೈಕುಗಳ ಕಾರ್ಬೊರೇಟರಿನಲ್ಲಿ ಫ್ಲೋಟ್ (ಪೆಟ್ರೋಲಿನ ಮಟ್ಟ ಕಾಯುವ ತೇಲುವ ಭಾಗ) ಬೆಂಡಿನದು, ಅಂದರೆ ಬಾಟಲಿಗೆ ಹಾಕುವ ಕಾರ್ಕ್, ಅದರ ಮೇಲೆ ಅರಗಿನ ಲೇಪ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುವುದರಿಂದ ಆ ಲೇಪ ನಿಧಾನಕ್ಕೆ ಬಿಟ್ಟು ಫ್ಲೋಟು ಪೆಟ್ರೋಲು ಕುಡಿದು ಮುಳುಗುತ್ತದೆ. ಹಳೇ ರಬ್ಬರ್ ಪೈಪು, ಸೀಲುಗಳೂ ಎಥನಾಲಿಗೆ ಮೆತ್ತಗಾಗುತ್ತವೆ. ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಟ್ಯಾಂಕಿನ ತಳದಲ್ಲಿ ನೀರು ನಿಂತು ತುಕ್ಕು ಹತ್ತುತ್ತದೆ. ಹಾಗಾಗಿ ಪೈಪು ಬದಲಾಯಿಸಿ, ಬೈಕು ತಿಂಗಳುಗಟ್ಟಲೆ ನಿಲ್ಲುವುದಾದರೆ ಬಟ್ಟಲು ಖಾಲಿ ಮಾಡಿಡಿ. ಸೀಸ ಇಲ್ಲದ ಪೆಟ್ರೋಲಿನ ಬಗ್ಗೆಯೂ ಹೊಸಬರು ಹೆದರುತ್ತಾರೆ. ಸೀಸದ ಪೆಟ್ರೋಲನ್ನು ಬಂಕುಗಳಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಹಳೇ ಎಂಜಿನ್ನುಗಳಲ್ಲಿ ಸೀಸದ ರಕ್ಷಣೆ ಇಲ್ಲದೆ ವಾಲ್ವ್ ಸೀಟು ಸವೆಯುವ ಭಯ ಇರುವುದು ನಿಜ. ಆದರೆ ಅದು ನಿಧಾನದ ಸವೆತ, ವಾಲ್ವ್ ಗ್ಯಾಪ್ ಕಡಿಮೆಯಾಗುತ್ತಾ ಹೋಗುವುದರಲ್ಲಿ ಕಾಣುತ್ತದೆ. ಆಗಾಗ ಗ್ಯಾಪ್ ನೋಡುತ್ತಿದ್ದರೆ ಸಾಕು. ಅದಕ್ಕಾಗಿ ಹೆಡ್ ಬಿಚ್ಚುವ ಆತುರ ಬೇಡ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಹಳೇ ಟ್ಯಾಂಕ್ ಬಳಸಬೇಡಿ. ಒಳಗಿನ ತುಕ್ಕಿನ ಪುಡಿ ಈಗಷ್ಟೇ ತೊಳೆದ ಜೆಟ್ಟಿಗೆ ಬಂದು ಕೂರುತ್ತದೆ. ಒಂದು ಸಣ್ಣ ಡಬ್ಬಿಯಿಂದ ಪೈಪಿನಲ್ಲಿ ಪೆಟ್ರೋಲು ಕೊಡಿ. ಫೋರ್ ಸ್ಟ್ರೋಕ್ ಆದರೆ ಎಣ್ಣೆ ಬದಲಾಯಿಸಿ, ಪ್ಲಗ್ ಬಿಚ್ಚಿಟ್ಟು ಎಂಜಿನನ್ನು ತಿರುಗಿಸುತ್ತಾ ಎಣ್ಣೆ ಮೇಲೆ ಬರುವುದನ್ನು ಕಣ್ಣಾರೆ ನೋಡಿ. ಎಣ್ಣೆ ಟ್ಯಾಂಕ್ ಬೇರೆ ಇರುವ ಬೈಕುಗಳಲ್ಲಿ ನಿಂತಾಗ ಎಣ್ಣೆ ಕೆಳಗಿಳಿದು ಎಂಜಿನ್ನಿನ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸ್ ತುಂಬಿರಬಹುದು, ಅದನ್ನು ಮೊದಲು ಇಳಿಸಬೇಕು. ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಪ್ರಮಾಣ ಮ್ಯಾನುಯಲ್ ಹೇಳಿದಂತೆ ಇರಲಿ.

ಸ್ಟಾರ್ಟ್ ಆಯಿತು ಅನ್ನಿ. ಆ ಸದ್ದು ಕೇಳಿದಾಗ ಆಗುವ ಸಂತೋಷವನ್ನು ನಾನು ಇಲ್ಲಿ ಬರೆದು ತೋರಿಸಲಾರೆ. ಬಣ್ಣ ಹೋಗಿದೆ, ಸೀಟು ಹರಿದಿದೆ, ಆದರೂ ಅದು ಈಗ ಬೈಕು. ಈಗಿನಿಂದ ಕಿವಿ ಮತ್ತು ಕಣ್ಣಿಗೆ ಕೆಲಸ. ಟೂ ಸ್ಟ್ರೋಕ್ ಎಂಜಿನ್ ಆಕ್ಸಿಲರೇಟರ್ ಬಿಟ್ಟರೂ ಇಳಿಯದೆ ಹಾಗೇ ಏರುತ್ತಿದ್ದರೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ, ಹೆಚ್ಚಾಗಿ ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ. ತಕ್ಷಣ ನಿಲ್ಲಿಸಿ. ಹಾಗೇ ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು ಗೇರ್‌ಬಾಕ್ಸಿನ ಎಣ್ಣೆ ಇಳಿಯುತ್ತಿದ್ದರೆ ಅದು ಕ್ಲಚ್ ಕಡೆಯ ಸೀಲು. ಫೋರ್ ಸ್ಟ್ರೋಕಿನಲ್ಲಿ ಶುರುವಿಗೆ ಮಾತ್ರ ನೀಲಿ ಹೊಗೆ ಬಂದು ನಿಂತರೆ ಒಂದು ಕಥೆ, ಓಡುತ್ತಿರುವಾಗಲೂ ಬರುತ್ತಿದ್ದರೆ ರಿಂಗು ಬೋರಿನ ಕಥೆ. ಈಗ ಎಂಜಿನ್ ತೆರೆಯುವ ಕಾರಣ ನಿಮ್ಮ ಕೈಯಲ್ಲಿದೆ. ಯಾವ ಕಡೆ, ಎಷ್ಟು ಆಳಕ್ಕೆ ಅನ್ನುವುದೂ ಗೊತ್ತಿದೆ. ಒಂದು ಸೀಲು ಹಾಕಲು ಇಡೀ ಬೈಕು ಬಿಚ್ಚುವ ಅಗತ್ಯ ಇಲ್ಲ.

ಆದರೆ ಓಡಿಸುವ ಮುಂಚೆ ಬ್ರೇಕು ಮತ್ತು ಟೈರು. ಇಲ್ಲಿ ರಾಜಿ ಬೇಡ. ಟೈರಿನಲ್ಲಿ ಗೀರು ಎಷ್ಟೇ ಚೆನ್ನಾಗಿದ್ದರೂ ರಬ್ಬರು ಗಟ್ಟಿಯಾಗಿದ್ದರೆ ಅದು ರಸ್ತೆ ಹಿಡಿಯುವುದಿಲ್ಲ. 2000ದಿಂದ ಈಚೆಗಿನ ಟೈರುಗಳ ಪಕ್ಕದಲ್ಲಿ 4 ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 3 ಅಂಕಿ ಮಾತ್ರ ಇದ್ದರೆ ಅದು 2000ಕ್ಕೂ ಹಿಂದಿನದು, ಕಣ್ಣು ಮುಚ್ಚಿ ತೆಗೆದುಹಾಕಿ. ಒಳಗಿನ ಟ್ಯೂಬೂ ಹೊಸದೇ ಬೇಕು. ಬ್ರೇಕಿನ ಕೇಬಲ್ಲಿನಲ್ಲಿ ಒಂದು ಎಳೆ ಬಿಟ್ಟಿದ್ದರೂ ಬದಲಾಯಿಸಿ.

ಡ್ರಮ್ ತೆರೆಯುವಾಗ ಒಂದು ಎಚ್ಚರಿಕೆ, ಇದನ್ನು ಯಾರೂ ಹೊಸಬರಿಗೆ ಹೇಳುವುದಿಲ್ಲ. ಹಳೇ ಬ್ರೇಕ್ ಶೂಗಳಲ್ಲಿ, ಕೆಲವು ಹಳೇ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಒಳಗಿನ ಕಪ್ಪು ಧೂಳಿನಲ್ಲಿ ಅದು ಸೇರಿರಬಹುದು. ಊದಬೇಡಿ, ಗಾಳಿ ಹೊಡೆಯಬೇಡಿ, ಒಣ ಬ್ರಷ್ಷಿನಿಂದ ಗುಡಿಸಬೇಡಿ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಿ. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಕಾಣಿಸುವುದು ಎಷ್ಟೋ ವರ್ಷಗಳ ನಂತರ.

ಮನೆಯ ಗ್ಯಾರೇಜು ಅಂದ ಮೇಲೆ ಅದರ ಗೋಡೆಯ ಆಚೆ ಮನೆಯವರು ಇರುತ್ತಾರೆ. ಬಾಗಿಲು ಮುಚ್ಚಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ಸುತ್ತುವ ಹೊತ್ತಿಗೆ ಬಾಗಿಲು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಬೈಕನ್ನು ಹೊರಗೆ ತಂದೇ ಸ್ಟಾರ್ಟ್ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಪಕ್ಕದಲ್ಲಿ ಉರಿಯುವ ಯಾವುದೇ ಬೆಂಕಿಯ ತನಕ ಹೋಗುತ್ತದೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಯಾಕೆಂದರೆ ಅದರಲ್ಲಿ ಇರುವುದು ಆವಿ. ಅದಕ್ಕೆ ವೆಲ್ಡಿಂಗ್ ಮಾಡುವ ಯೋಚನೆ ಮನೆಯಲ್ಲಿ ಬೇಡ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಭಾಗಕ್ಕೆ ವೆಲ್ಡಿಂಗ್ ಶಾಖ ತಾಗಿದರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಗಾಳಿ. ಟ್ಯಾಂಕಿನ ತುಕ್ಕು ತೆಗೆಯಲು ಸೋಡಾ ನೀರು ಹಾಕಿ ಕರೆಂಟು ಹರಿಸುವ ವಿಧಾನ ಒಳ್ಳೆಯದೇ. ಆದರೆ ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಸಾದಾ ಕಬ್ಬಿಣ ಹಾಕಿ, ಹೈಡ್ರೋಜನ್ ಏಳುವುದರಿಂದ ಗಾಳಿಯಾಡುವ ಕಡೆ ಇಡಿ. ಇದನ್ನೆಲ್ಲ ಮಾಡಲು ಧೈರ್ಯ ಇಲ್ಲದಿದ್ದರೆ ಸಿಟ್ರಿಕ್ ಆಸಿಡ್ ನೀರು ತುಂಬಿಟ್ಟರೂ ತುಕ್ಕು ಬಿಡುತ್ತದೆ. ತೊಳೆದು ಒಣಗಿಸಿದ ಕೂಡಲೇ ಒಳಗೆ ಎಣ್ಣೆ ಆಡಿಸಬೇಕು, ಇಲ್ಲವಾದರೆ ನೋಡನೋಡುತ್ತಲೇ ಹೊಸ ತುಕ್ಕು ಏಳುತ್ತದೆ.

ಸ್ಪ್ಯಾನರ್ ವಿಷಯ ಹೇಳದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ಹಳೇ ಬ್ರಿಟಿಷ್ ಬೈಕಿಗೆ ಮೆಟ್ರಿಕ್ ಸ್ಪ್ಯಾನರ್ ಹಾಕಿ ಬೋಲ್ಟಿನ ಮೂಲೆ ಉರುಟು ಮಾಡಿದ ಗುರುತು ಬಹಳ ಬೈಕುಗಳಲ್ಲಿ ಕಾಣುತ್ತದೆ. ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ತ್ರೆಡ್ಡಿನ ಅಳತೆ ಬೇರೆ, ಅದರ ಕೋನ 55 ಡಿಗ್ರಿ. ಆ ಸ್ಪ್ಯಾನರಿನ ಮೇಲಿರುವ ಅಂಕಿ ಬೋಲ್ಟಿನ ಕಾಂಡದ ಅಳತೆ, ತಲೆಯ ಅಗಲವಲ್ಲ. ಕಾಲು ಇಂಚಿನ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಸುಮಾರು 13.3 ಮಿಲಿಮೀಟರ್. ಅಂತಹ ತಲೆಗೆ 13 ನಂಬರ್ ಕೂರುವುದಿಲ್ಲ, 14 ನಂಬರ್ ಜಾರುತ್ತದೆ. ಹಳೇ ಜಪಾನಿ ಬೈಕುಗಳಲ್ಲಿ ಸಮಸ್ಯೆ ಸ್ಟಾರ್ ಸ್ಕ್ರೂಗಳದು. ನೋಡಲು ನಮ್ಮ ಮಾಮೂಲಿ ಫಿಲಿಪ್ಸ್ ತರಹವೇ, ಆದರೆ ಅವುಗಳ ಅಳತೆ ಜಪಾನಿನದೇ ಬೇರೆ. ಫಿಲಿಪ್ಸ್ ಡ್ರೈವರ್ ಹಾಕಿದರೆ ಎದ್ದು ಬಂದು ತಲೆ ಕಿತ್ತುಹಾಕುತ್ತದೆ. ಸರಿಯಾದ ಡ್ರೈವರ್, ಬೇಕಾದರೆ ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್. ಬಣ್ಣಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಸರಿಯಾದ ಟೂಲ್ಸ್ ತೆಗೆದುಕೊಳ್ಳಿ.

ಯಾವ ಬೈಕು ತೆಗೆದುಕೊಳ್ಳಬೇಕು ಅಂತಲೂ ಕೇಳುತ್ತಾರೆ. ಅಪರೂಪದ್ದು ಬೇಡ. ತುಂಬಾ ತಯಾರಾದದ್ದು, ಸಣ್ಣದು, ಸರಳವಾದದ್ದು ಬೇಕು. ಡಿಕೆಡಬ್ಲ್ಯು ಕಂಪನಿಯ ಆರ್‌ಟಿ 125 ಅನ್ನುವ ಪುಟ್ಟ ಜರ್ಮನ್ ಟೂ ಸ್ಟ್ರೋಕ್ ಬೈಕನ್ನೇ ನೋಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಗೆದ್ದ ದೇಶಗಳು ಅದರ ವಿನ್ಯಾಸವನ್ನು ಎತ್ತಿಕೊಂಡವು. 1948ರಲ್ಲಿ ಇಂಗ್ಲೆಂಡಿನಲ್ಲಿ ಬಿಎಸ್‌ಎ ಬ್ಯಾಂಟಮ್ ಆಯಿತು, ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್‌ನವರ 125 ಆಯಿತು, ರಷ್ಯಾದಲ್ಲೂ ಬಂತು. 1955ರಲ್ಲಿ ಯಮಾಹಾ ಮಾಡಿದ ಮೊದಲ ಬೈಕು ವೈಎ-1 ಕೂಡ ಅದನ್ನೇ ನೋಡಿ ಮಾಡಿದ್ದು. ಅಷ್ಟು ದೇಶಗಳ ಕಾರ್ಖಾನೆಗಳು ಒಪ್ಪಿಕೊಂಡ ಸರಳತೆ ಅದು. ಒಂದು ಸಿಲಿಂಡರು, ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಕಲಿಯುವ ಕೈಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಓಡಿಸಿ ನೋಡಿದ ಮೇಲೆಯೇ ಬಿಚ್ಚಿ ಅಂತ ನಾನು ಹಠ ಹಿಡಿಯುವುದಕ್ಕೆ ಜಾವಾ ಒಳ್ಳೆಯ ಉದಾಹರಣೆ. ಹಳೇ ಜಾವಾ 250ರಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಕಿಕ್ ಹೊಡೆದು ಸ್ಟಾರ್ಟ್ ಆದ ಮೇಲೆ ಅದೇ ಲಿವರನ್ನು ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಲಿವರ್ ಆಗುತ್ತದೆ. ಗೇರ್ ಬದಲಿಸಲು ಅದನ್ನು ಒತ್ತಿದಾಗ ಒಳಗಿನಿಂದ ಕ್ಲಚ್ಚೂ ತಾನೇ ಬಿಡುತ್ತದೆ, ಕೈಯ ಕ್ಲಚ್ ಹಿಡಿಯದಿದ್ದರೂ ನಡೆಯುತ್ತದೆ. ಆ ಕ್ಲಚ್ ಹೊಂದಿಕೆ ಸರಿ ಇದ್ದಾಗ ಕಾಲಿಗೆ ಹೇಗೆ ಅನ್ನಿಸುತ್ತದೆ ಅಂತ ಒಮ್ಮೆ ತಿಳಿದವರು ಜೋಡಿಸುವಾಗ ಅಲ್ಲಿಗೇ ತಂದು ನಿಲ್ಲಿಸುತ್ತಾರೆ. ಒಮ್ಮೆಯೂ ಓಡಿಸದೆ ಬಿಚ್ಚಿದವರಿಗೆ ತಾನು ಏನನ್ನು ಹುಡುಕುತ್ತಿದ್ದೇನೆ ಅಂತಲೇ ಗೊತ್ತಿರುವುದಿಲ್ಲ.

ಈಗ ಬಣ್ಣ. ಬಣ್ಣ ಹೊಡೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಲೋಹ ತಿಂದುಹೋಗುವಷ್ಟು ತುಕ್ಕು ಇದ್ದರೆ ಹೊಡೆಯಲೇಬೇಕು. ಆದರೆ ಕಾರ್ಖಾನೆಯಲ್ಲಿ ಹೊಡೆದ ಬಣ್ಣ, ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದ ಗೆರೆ, ಮಾಸಿದ ಸ್ಟಿಕ್ಕರು, ಮೊಣಕಾಲು ತಾಗಿ ತಾಗಿ ಸವೆದ ಜಾಗ, ಇವು ಒಂದು ಸಲ ಹೋದರೆ ಹೋದವೇ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 1966ರಲ್ಲಿ ಶುರುವಾಯಿತು. ಕನಿಷ್ಠ 30 ವರ್ಷ ಹಳೆಯದಾಗಿರಬೇಕು, ತನ್ನ ಕಾಲಕ್ಕೆ ತಕ್ಕ ಸ್ಥಿತಿಯಲ್ಲಿ ಉಳಿದಿರಬೇಕು ಅನ್ನುವುದು ಅವರ ವ್ಯಾಖ್ಯೆ. ಹಳೇ ವಾಹನಗಳನ್ನು ಹೇಗೆ ಕಾಪಾಡಬೇಕು ಅನ್ನುವ ಅವರ ಟುರಿನ್ ಚಾರ್ಟರ್ ಕೂಡ ಇದ್ದದ್ದನ್ನು ಇದ್ದ ಹಾಗೆ ಉಳಿಸಿಕೊಳ್ಳುವುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಹೊಸಬರು ಬಣ್ಣ ಹೊಡೆಸುವ ಮುಂಚೆ ಸಾಬೂನು ನೀರಲ್ಲಿ ತೊಳೆದು, ಪಾಲಿಶ್ ಹಾಕಿ ಒಂದು ಮೂಲೆಯಲ್ಲಿ ಉಜ್ಜಿ ನೋಡಲಿ. ಕಪ್ಪು ಕೊಳೆಯ ಕೆಳಗೆ ಎಷ್ಟೋ ಸಲ ಒಳ್ಳೆಯ ಬಣ್ಣವೇ ಇರುತ್ತದೆ. ಕೆಲವು ತಿಂಗಳು ಓಡಿಸಿದ ಮೇಲೂ ಬೇಕು ಅನ್ನಿಸಿದರೆ ಆಗ ಬಿಚ್ಚಿ. ಅಷ್ಟು ಹೊತ್ತಿಗೆ ಆ ಬೈಕಿನ ಪ್ರತಿ ಬೋಲ್ಟೂ ನಿಮಗೆ ಪರಿಚಯವಾಗಿರುತ್ತದೆ, ಬಿಚ್ಚಿದ್ದನ್ನು ಜೋಡಿಸಲೂ ಬರುತ್ತದೆ. ಬಿಚ್ಚುವಾಗ ಒಂದೊಂದು ಭಾಗದ ಬೋಲ್ಟುಗಳನ್ನು ಒಂದೊಂದು ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಒಂದು ಭಾಗ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ.

ಪಾಯಿಂಟ್ ಗ್ಯಾಪನ್ನು ಕಣ್ಣಳತೆಯಲ್ಲೇ ಹೇಳುವ, ಎಂಜಿನ್ ಸದ್ದು ಕೇಳಿಯೇ ಟೈಮಿಂಗ್ ಮುಂದಿದೆ ಹಿಂದಿದೆ ಅನ್ನುವ ಹಿರಿಯ ಮೆಕ್ಯಾನಿಕ್‌ಗಳು ಈಗ ಕಡಿಮೆಯಾಗುತ್ತಿದ್ದಾರೆ. ಅವರ ಹತ್ತಿರ ಹೋಗುವ ಹೊಸಬರು ಬೈಕನ್ನು ಅವರ ಕೈಗೆ ಕೊಟ್ಟು ಬಂದುಬಿಡಬಾರದು. ಪಕ್ಕದಲ್ಲಿ ಕೂರಬೇಕು, ಕೇಳಬೇಕು, ಬರೆದುಕೊಳ್ಳಬೇಕು. ಹಾಗೆ ಕೂತವರಿಗೆ ಇಲ್ಲ ಅಂದ ಹಿರಿಯರನ್ನು ನಾನು ನೋಡಿಲ್ಲ. ಅವರು ಹೇಳುವುದರಲ್ಲಿ ಅರ್ಧ ಯಾವ ಮ್ಯಾನುಯಲ್‌ನಲ್ಲೂ ಇಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಹಳೇ ಬೈಕಿನ ಬಗ್ಗೆ ಬರೆಸುವಾಗ ಆ ಎರಡು ಫೋಟೋಗಳ ನಡುವೆ ಇನ್ನೂ ಒಂದೆರಡು ಫೋಟೋ ಹಾಕಿ. ಅರ್ಧ ತೊಳೆದ ಕಾರ್ಬೊರೇಟರ್, ಬಣ್ಣವೇ ಇಲ್ಲದೆ ರಸ್ತೆಯಲ್ಲಿ ಓಡುತ್ತಿರುವ ಬೈಕು, ಹೆಸರು ಬರೆದಿಟ್ಟ ಬೋಲ್ಟಿನ ಚೀಲಗಳು. ಮಾಡಿದವರನ್ನು 'ಎಷ್ಟು ಖರ್ಚಾಯಿತು' ಅಂತ ಮಾತ್ರ ಕೇಳದೆ, ಯಾವುದನ್ನು ಮೊದಲು ಮಾಡಿದಿರಿ, ಯಾವುದನ್ನು ಮುಟ್ಟದೆ ಬಿಟ್ಟಿರಿ ಅಂತಲೂ ಕೇಳಿಸಿ. ಆಸ್ಬೆಸ್ಟಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಬಗ್ಗೆ ನಾಲ್ಕು ಸಾಲಿನ ಒಂದು ಚೌಕ ಪಕ್ಕದಲ್ಲಿ ಪ್ರತಿ ಸಲವೂ ಇರಲಿ. ಹಿರಿಯ ಮೆಕ್ಯಾನಿಕ್‌ಗಳನ್ನು ಮಾತಾಡಿಸುವ ಒಂದು ಅಂಕಣ ಶುರು ಮಾಡಿದರಂತೂ ಮೊದಲ ಓದುಗ ನಾನೇ.

ಇಂತಿ ನಿಮ್ಮ ನಿತ್ಯದ ಓದುಗ